ಬಾಗಿಲ ಬಳಿ ಗಾಳಿ ನಿಂತಿತು

ಹೋದ ತಿಂಗಳು ಗದಗಿನ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬಾತ ಗೋಡೆಗೆ ಯಾವುದೋ ನಾಟಕದ ಪೋಸ್ಟರ್ ಹಚ್ಚುತ್ತಿದ್ದ. ಬಕೆಟ್ಟಿನಲ್ಲಿದ್ದ ಮೈದಾ ಅಂಟು ಇನ್ನೂ ಬೆಚ್ಚಗಿದ್ದಿರಬೇಕು, ಅದರ ವಾಸನೆ ನನ್ನನ್ನು ಅಲ್ಲಿಯೇ ಹಿಡಿದು ನಿಲ್ಲಿಸಿತು. ಕುದಿಸಿದ ಹಿಟ್ಟು, ಹುಳ ಹತ್ತದಿರಲೆಂದು ಅದಕ್ಕೆ ಬೆರೆಸಿದ ಮೈಲುತುತ್ತ, ಅರೆಹುಳಿ, ತಾಮ್ರದ ಕೊಡದ ಕಿಲುಬು. ನನ್ನ ಬಾಲ್ಯವೆಲ್ಲ ಇದೇ ವಾಸನೆ. ನಿಮ್ಮ ಬಾಲ್ಯಕ್ಕೂ ಒಂದು ಇದ್ದೀತು, ಒಗ್ಗರಣೆಯದೋ, ಹಸಿ ಸೆಗಣಿಯದೋ, ಯಾರದೋ ಸೀರೆಯ ಸೆರಗಿನದೋ. ನಮ್ಮದು ಅಂಟಿನ ಮನೆ. ಬೆಟಗೇರಿಯ ಓಣಿಯೊಂದರಲ್ಲಿ ಅಪ್ಪ ಪುಸ್ತಕಗಳ ಬೈಂಡಿಂಗ್ ಮಾಡುತ್ತಿದ್ದ. ಪಡಸಾಲೆಯೇ ಕಾರ್ಖಾನೆ. ಅವ್ವ ಮಗ್ಗದ ಕೆಲಸಕ್ಕೆ ಹೋದ ಮೇಲೆ ಆಯಿ, ಅಂದರೆ ಅಪ್ಪನ ತಾಯಿ, ಒಲೆಯ ಮೇಲೆ ಅಂಟು ಇಡುತ್ತಿದ್ದಳು. ರೊಟ್ಟಿಗೂ ಅದರ ಘಾಟು ಹತ್ತುತ್ತಿತ್ತು, ನಾವು ಹಾಗೆಯೇ ಉಣ್ಣುತ್ತಿದ್ದೆವು.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಕಚೇರಿಗಳಿಗೆಲ್ಲ ರಟ್ಟಿನ ರಿಜಿಸ್ಟರುಗಳು ಬೇಕಾಗಿ ಅಪ್ಪನಿಗೆ ಕೈತುಂಬ ಕೆಲಸ. ಹೊಲಿಗೆಗೆ ಕೂಡುತ್ತಿದ್ದವಳು ಅವನ ತಂಗಿ ಗಿರಿಜತ್ತಿ. ಆಕೆಯನ್ನು ಮುಂಡರಗಿಗೆ ಕೊಟ್ಟಿದ್ದರು. ಚೊಚ್ಚಲ ಕೂಸು ಹುಟ್ಟಿದ ದಿನವೇ ಹೋಯಿತು. ಆಮೇಲೆ ಆಕೆ ಮಾತು ಬಿಟ್ಟಳು. ಅಳಲಿಲ್ಲ, ಉಣ್ಣಲು ಕರೆದರೆ ಏಳಲಿಲ್ಲ, ಕಿಟಕಿಯ ಕಡೆ ಮುಖ ಮಾಡಿ ಕೂತುಬಿಟ್ಟಳು. ಅತ್ತೆಮನೆಯವರು ಯಾರ್ಯಾರನ್ನೋ ಕೇಳಿ, ನಿಂಬೆಹಣ್ಣು ಇಳಿಸಿ, ಕಡೆಗೆ ‘ಗಾಳಿ ಬಡದೈತಿ’ ಎಂದು ತೀರ್ಮಾನಿಸಿ ತವರಿಗೆ ತಂದು ಬಿಟ್ಟರು. ನಮ್ಮ ಕಡೆ ದೆವ್ವ ಅನ್ನುವುದು ಕಡಿಮೆ, ಗಾಳಿ ಅಂದರೆ ಎಲ್ಲರಿಗೂ ತಿಳಿಯುತ್ತದೆ. ‘ಗಾಳಿ ಬಿಟ್ಟ ಮ್ಯಾಲ ಬಂದು ಕರ್ಕೊಂಡ್ ಹೋಗ್ತೇವಿ’ ಅಂದು ಹೋದವರು ವರ್ಷವಾಗುತ್ತ ಬಂದರೂ ಇತ್ತ ತಲೆ ಹಾಕಿರಲಿಲ್ಲ. ಗಿರಿಜತ್ತಿ ನಮ್ಮ ಮನೆಯಲ್ಲಿ ಮೆಲ್ಲಗೆ ಮಾತಿಗೆ ಮರಳಿದ್ದಳು, ಆದರೂ ತನಗೆ ನಿಜವಾಗಿ ಬಡಿದದ್ದೇನು ಎಂಬ ಸಂಶಯ ಆಕೆಯನ್ನೇ ತಿನ್ನುತ್ತಿತ್ತು. ಹೀಗಾಗಿ ಗಾಳಿ ಎಂಬ ಶಬ್ದ ಮನೆಯಲ್ಲಿ ಬಂದ್. ಊರು ನೋಡಿದರೆ ಗದಗ, ವರ್ಷದ ಬಹುಪಾಲು ಬೀಸುವ ಊರು. ಆಯಿ ಮಾತ್ರ ‘ಹೊರಗ ಭಾಳ ಬೀಸಾಕತ್ತೈತಿ’ ಅನ್ನುವಳೇ ಹೊರತು ಏನು ಬೀಸುತ್ತಿದೆ ಎಂದು ಬಾಯಿಬಿಡುತ್ತಿರಲಿಲ್ಲ.

ಇಂಥ ಮನೆಗೆ ಶಿರಹಟ್ಟಿಯ ಬಾಡಿಗೆ ಪುಸ್ತಕದ ಅಂಗಡಿಯೊಂದರಿಂದ ಹಳೆಯ ಪುಸ್ತಕಗಳ ಚೀಲ ಬಂತು. ಅದರೊಳಗೆ ಮುಖಪುಟ ಹರಿದುಹೋಗಿ ತನ್ನ ಹೆಸರನ್ನೂ ಬರೆದವರ ಹೆಸರನ್ನೂ ಕಳೆದುಕೊಂಡಿದ್ದ ಒಂದು ಕಥೆ ಪುಸ್ತಕ. ಹಳೆಯ ಹೊಲಿಗೆ ಬಿಚ್ಚಿ ಹಾಳೆಗಳ ಕಂತೆಗಳನ್ನು ಬೇರೆ ಮಾಡುವುದು ಗಿರಿಜತ್ತಿಯ ಕೆಲಸ, ಪುಟದ ಅಂಕಿ ನೋಡಿ ಜೋಡಿಸುವುದು ನನ್ನದು. ಅಂಕಿ ನೋಡುವ ಕಣ್ಣು ಸುಮ್ಮನೆ ಅಂಕಿಯ ಮೇಲೆ ಕೂತಿರುತ್ತದೆಯೇ? ಅದರಲ್ಲೂ ನನ್ನದು ಹುಟ್ಟಿನಿಂದಲೇ ಎಲ್ಲದರಲ್ಲೂ ಇಣುಕುವ ಕಣ್ಣು. ಸತ್ತವರ ಅಳತೆಗೆ ಅಂಗಿ ಹೊಲಿಯುವ ದರ್ಜಿ, ಸಂಜೆಯಾದಂತೆ ಮೆಟ್ಟಿಲು ಹೆಚ್ಚಾಗುವ ಬಾವಿ, ಕನ್ನಡಿಯಲ್ಲಿ ಮಾತ್ರ ಕಾಣುವ ಬೀಗರು. ಓದುತ್ತ ಓದುತ್ತ ಜೋಡಿಸುವುದನ್ನೇ ಮರೆತೆ.

“ಒಬ್ಬಾಕೀನ ಕಣ್ಣ ಕಿಸಕೊಂಡು ಏನ್ ಓದಾಕತ್ತೀ? ನಮಗೂ ಕೇಳಂಗ ಓದು” ಅಂದಳು ಗಿರಿಜತ್ತಿ. ಎಂಥ ಕಥೆಗಳೆಂದು ಹೇಳಿದೆ. ಅಂಟು ತಿರುವುತ್ತಿದ್ದ ಆಯಿಯ ಕೈ ನಿಂತಿತು. “ಅಂಥಾವು ಈ ಮನ್ಯಾಗ ಬ್ಯಾಡ.” ಗಿರಿಜತ್ತಿ ಸೂಜಿಗೆ ದಾರ ಪೋಣಿಸುತ್ತಲೇ, “ಇರ್ಲಿ ಬಿಡಬೇ ಯವ್ವಾ. ನನ್ನ ಬಡದದ್ದು ಎಂಥಾದ್ದು ಅಂತ ನಾನೂ ನೋಡ್ತೀನಿ” ಅಂದಳು.

ಹೀಗೆ ನಮ್ಮ ಮನೆಯಲ್ಲಿ ಹಾಡುಹಗಲೇ ದೆವ್ವಗಳು ಓಡಾಡತೊಡಗಿದವು. ಶಾಲೆಗೆ ರಜೆ, ಮಧ್ಯಾಹ್ನದ ಬಿಸಿಲು ಹಂಚಿನ ಸಂದಿಯಿಂದ ಹಾಳೆಗಳ ಮೇಲೆ ಬೀಳುತ್ತಿತ್ತು, ನಾನು ಗಂಟಲು ನಡುಗಿಸಿ ಓದುತ್ತಿದ್ದೆ. ಆಯಿ ಮೊದಲು ಎರಡೂ ಕಿವಿಗೆ ಸೆರಗು ಮುಚ್ಚಿಕೊಂಡಳು. ಮರುದಿನ ಒಂದು ಕಿವಿ ಹೊರಗೆ ಬಂತು. ಬಾವಿಯ ಕಥೆಗೆ ಬರುವಷ್ಟರಲ್ಲಿ ಅಂಟು ತಳ ಹಿಡಿದರೂ ಆಕೆಗೆ ಖಬರಿರಲಿಲ್ಲ. “ಆ ದರ್ಜಿಗೆ ಬುದ್ಧಿ ಇಲ್ಲ ಬಿಡು. ಸತ್ತವರ ಅಂಗಿಗೆ ಗುಂಡಿ ಯಾಕ ಹಚ್ಚತಾನ?” ಎಂದು ಆತನೊಡನೆಯೇ ಜಗಳಕ್ಕೆ ಬಿದ್ದಳು. ಗಿರಿಜತ್ತಿಯ ಕುತೂಹಲದ ದಾರಿಯೇ ಬೇರೆ. ಯಾರು ಸತ್ತರು, ಯಾರು ಕೊಂದರು ಅನ್ನುವುದು ಆಕೆಗೆ ಬೇಡ. ದೆವ್ವ ಹಿಡಿದ ಹೆಂಗಸು ಬಂದಾಗಲೆಲ್ಲ ನನ್ನನ್ನು ತಡೆದು, “ಆಕಿ ಮಾತು ಬಿಟ್ಟಳೇನು? ಊಟ ಮಾಡ್ತಿದ್ದಳೇನು? ಆಕಿಗೆ ಯಾರರ ಏನರ ಕೇಳಿದ್ರೇನು?” ಎಂದು ವಿಚಾರಿಸುತ್ತಿದ್ದಳು. ಯಾವ ಕಥೆಯಲ್ಲೂ ಆಕೆಗೆ ಬೇಕಾದದ್ದು ಬರೆದಿರಲಿಲ್ಲ. ಒಂದು ದಿನ ತನ್ನಷ್ಟಕ್ಕೇ, “ಇವರಿಗೆ ಆದದ್ದು ಒಂದೂ ನನಗ ಆಗಿಲ್ಲಲ್ಲ” ಅಂದಳು. ಆಯಿ ಕೇಳದವಳಂತೆ ಒಲೆ ಊದಿದಳು.

ಕೊನೆಯ ಕಥೆಯಲ್ಲಿ ಒಂಟಿ ಮನೆಯ ಒಬ್ಬ ಹೆಂಗಸು. ಹೊರಗೆ ಬಿರುಗಾಳಿ. ತೀರಿಕೊಂಡ ಗಂಡನ ದನಿ ಬಾಗಿಲಾಚೆಯಿಂದ ಹೆಸರು ಹಿಡಿದು ಕರೆಯುತ್ತದೆ. ಆಕೆ ಎದ್ದು ಚಿಲಕಕ್ಕೆ ಕೈ ಹಾಕುತ್ತಾಳೆ, ಬಾಗಿಲು ತೆರೆಯುತ್ತಾಳೆ. ‘ಬಾಗಿಲ ಬಳಿ ಗಾಳಿ ನಿಂತಿತು.’ ಅಷ್ಟೇ, ಪುಸ್ತಕ ಮುಗಿಯಿತು. ಆಯಿ ಎದೆಯ ಮೇಲೆ ಕೈಯಿಟ್ಟುಕೊಂಡಳು. “ಬಂದು ನಿಂತೇಬಿಡ್ತಲ್ಲೋ ಶಿವನೇ. ಮುಗೀತು ಆಕಿ ಕಥಿ.” ಗಿರಿಜತ್ತಿ ಒಪ್ಪಲಿಲ್ಲ. “ಬಂದು ನಿಂತದ್ದಲ್ಲಬೇ. ಬೀಸೂದು ನಿಂತೈತಿ. ಆಕಿ ಧೈರ್ಯಾ ಮಾಡಿ ಬಾಗ್ಲಾ ತಗದಳು, ನೋಡಿದ್ರ ಏನೂ ಇದ್ದಿಲ್ಲ.” ಬರೆದ ಪುಣ್ಯಾತ್ಮ ಯಾವ ಕಡೆಯವನೋ, ಗಾಳಿ ನಿಂತಿತು ಅಂದರೆ ಬೆಟಗೇರಿಯ ಪಡಸಾಲೆಯಲ್ಲಿ ಎರಡು ಕಥೆಯಾಗುತ್ತದೆಂದು ಅವನಿಗೇನು ಗೊತ್ತು. ಕೊನೆಯ ಹಾಳೆ ಕಳೆದಿದೆಯೇನೋ ಎಂದು ಅಪ್ಪನನ್ನು ಕೇಳಿದೆವು. ಆತ ಕೆಳಗೆ ಅಚ್ಚಾಗಿದ್ದ ಸಣ್ಣ ಹೂವನ್ನು ತೋರಿಸಿ, “ಹೂವು ಬಂತಂದ್ರ ಕಥಿ ಆತು” ಎಂದು ತನ್ನ ರಟ್ಟು ಕತ್ತರಿಸಲು ಹೋದ. ಆಮೇಲೆ ವಾರಗಟ್ಟಲೆ ರೊಟ್ಟಿ ಬಡಿಯುವಾಗ, ನೀರು ತುಂಬುವಾಗ ತಾಯಿಮಗಳದು ಅದೇ ವಾದ. ಆ ವಾದದ ಭರದಲ್ಲಿ ಬಂದ್ ಆಗಿದ್ದ ಶಬ್ದವನ್ನು ಇಬ್ಬರೂ ದಿನಕ್ಕೆಷ್ಟು ಸಲ ಆಡುತ್ತಿದ್ದರೆಂಬುದು ಅವರಿಗೇ ತಿಳಿದಿರಲಿಲ್ಲ.

ಅಂಥ ಒಂದು ಮಧ್ಯಾಹ್ನವೇ ಮುಂಡರಗಿ ಮಾಮಾ ಬಂದ. ಗಿರಿಜತ್ತಿಯ ಗಂಡ. ಕೆಟ್ಟ ಮನುಷ್ಯನಲ್ಲ, ತಾಯಿ ಹಾಕಿದ ಗೆರೆ ದಾಟದವನು. ಕೈಯಲ್ಲಿ ಬಾಳೆಹಣ್ಣಿನ ಚೀಲ ಹಿಡಿದು ಹೊಸ್ತಿಲಲ್ಲೇ ನಿಂತ. ಬೆಳಕು ಅವನ ಬೆನ್ನಿಗಿತ್ತು, ಮುಖ ಕಾಣುತ್ತಿರಲಿಲ್ಲ. ಹೆಂಡತಿಯನ್ನು ನೋಡಲಾರದೆ ಆಯಿಯನ್ನು ಕೇಳಿದ. “ಗಾಳಿ ಕಾಟ ಈಗ ನಿಂತೈತೇನ್ರಿ?”

ಗಿರಿಜತ್ತಿ ದಾರವನ್ನು ಹಲ್ಲಿನಿಂದ ಕಡಿದು, ತಲೆಯೆತ್ತಿ, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಗಾಳಿ ನಿಂತೈತ್ರಿ. ಬಾಗಲದಾಗ ನಿಂತೈತಿ.”

ಮಾಮಾ ಗಾಬರಿಯಾಗಿ ಹಿಂದೆ ತಿರುಗಿ ನೋಡಿದ. ಆಯಿ ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಂಡಳು. ಸುಧಾರಿಸಿಕೊಂಡು, “ಬರ್ರಿ, ಒಳಗ ಬರ್ರಿ, ಕುಂಡ್ರಿ” ಎಂದು ಚಾಪೆ ಹಾಸಿದಳು. ಚಹಾ ಆಯಿತು. ನಾಳೆ ಕರೆದೊಯ್ಯಲು ತನ್ನ ಅವ್ವ ಒಪ್ಪಿದ್ದಾಳೆ ಎಂದು ಮಾಮಾ ಕೈಯಲ್ಲಿದ್ದ ಚಹಾದ ಬಸಿಗೆ ಹೇಳುವಂತೆ ಹೇಳಿದ. ಗಿರಿಜತ್ತಿ ಸಿಟ್ಟಾಗಲಿಲ್ಲ. “ನನಗ ಗಾಳಿ ಬಡದಿದ್ದಿಲ್ರಿ. ನನ್ನ ಕೂಸು ಸತ್ತಿತ್ತು. ಅಷ್ಟು ಮಾತು ನಿಮ್ಮ ಮನ್ಯಾಗ ಒಬ್ಬರರ ಅಂದಿದ್ರ ನಾ ಅವತ್ತ ಮಾತಾಡ್ತಿದ್ದೆ” ಅಂದಳು. ಮಾಮಾ ಬಸಿಯನ್ನು ಕೆಳಗಿಟ್ಟ. ತನ್ನದೂ ಕೂಸಾಗಿತ್ತೆಂದು ಅವನಿಗೆ ಆಗ ನೆನಪಾಯಿತೇನೋ, ಕಣ್ಣು ಒರೆಸಿಕೊಂಡ. ಸಂಜೆಯ ಬಸ್ಸಿಗೆ ಒಬ್ಬನೇ ಹೋದ. ಅವನು ಓಣಿ ತಿರುಗಿದ ಮೇಲೆ ಆಯಿ ಮಗಳ ಪಕ್ಕ ಬಂದು ಕೂತು, “ಗಾಳಿ ಎಷ್ಟ್ ಬೀಸಾಕತ್ತೈತಿ ನೋಡ, ಹಾಳಿ ಹಾರ್ತಾವು, ಕಲ್ಲ ಇಡು” ಅಂದಳು. ಗಿರಿಜತ್ತಿ ಕಲ್ಲಿಟ್ಟು, ತಾಯಿಯ ಹೆಗಲಿಗೆ ತಲೆಯಿಟ್ಟು ಅತ್ತಳು. ಆಕೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ಪುಸ್ತಕ ಹೊಸ ರಟ್ಟು ತೊಟ್ಟು ಶಿರಹಟ್ಟಿಗೆ ಹೋಯಿತು. ಗಿರಿಜತ್ತಿ ಮುಂಡರಗಿಗೆ ಹೋಗಲಿಲ್ಲ. ಆಯಿ ತೀರಿದಳು, ಅಪ್ಪ ತೀರಿದ, ರಿಜಿಸ್ಟರುಗಳ ಕಾಲ ಹೋಯಿತು. ಗಿರಿಜತ್ತಿ ಕಣ್ಣು ಮಂಜಾಗುವವರೆಗೂ ಹೊಲಿದು, ಒಂದು ಚಳಿಗಾಲ ಅವಳೂ ಹೋದಳು. ಮನೆ ಬೇರೆಯವರ ಕೈಗೆ ಹೋಯಿತು.

ಪೋಸ್ಟರಿನವನ ಅಂಟು ಮೂಗಿನಲ್ಲಿಟ್ಟುಕೊಂಡೇ ಅವತ್ತು ಬೆಟಗೇರಿಗೆ ನಡೆದೆ. ನಮ್ಮ ಪಡಸಾಲೆ ಈಗ ಝೆರಾಕ್ಸ್ ಅಂಗಡಿ. ಹೊಸ್ತಿಲು ಮಾತ್ರ ಅದೇ. ಅಲ್ಲಿ ನಿಂತು ಆಯಿಯ ಒಲೆ ಎಲ್ಲಿತ್ತು, ಗಿರಿಜತ್ತಿ ಎಲ್ಲಿ ಕೂಡುತ್ತಿದ್ದಳು ಎಂದು ಕಣ್ಣಲ್ಲೇ ಹುಡುಕಿದೆ. ಎಷ್ಟೋ ಹೊತ್ತು ನಿಂತಿದ್ದೆನೇನೋ. ಕರೆಂಟು ಹೋಗಿತ್ತು, ಒಳಗೆ ರಟ್ಟಿನ ಚೂರಿನಿಂದ ಬೀಸಿಕೊಳ್ಳುತ್ತಿದ್ದ ಹುಡುಗಿ ನನ್ನನ್ನು ನೋಡಿದಳು. ಬೆಳಕು ನನ್ನ ಬೆನ್ನಿಗಿತ್ತು.

“ಅಕ್ಕಾರ, ಬಾಗಲದಾಗ ನಿಂತೀರಿ. ಸ್ವಲ್ಪ ಈಚಿ ಕಡೆ ಸರೀರಿ, ಗಾಳಿ ಒಳಗ ಬರ್ಲಿ.”

ನಾನು ಸರಿದು ನಿಂತೆ.