ಒಂದೇ ಏಟಿನ ಸೆಲ್ವಿ ಮಿಸ್

ಸೆಲ್ವಿ ಮಿಸ್ ಪಾಠ ಹೇಳುವಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅವುಗಳ ಮೇಲೆ ಸೆರಗು ಸುತ್ತಿಬಿಡುತ್ತಿದ್ದರು. ಉರಿಗಾಂನ ಚಿನ್ನದ ಗಣಿ ಕಾರ್ಮಿಕರ ಸಾಲುಮನೆಯೊಂದರ ಮುಂದಿನ ಕೋಣೆಯೇ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್. ಕಲಿಯಲು ಬಂದವರ ಮೆಷಿನ್ನನ್ನು ಅವರು ಮುಟ್ಟಿದ್ದು ನಾನಂತೂ ಕಾಣೆ. ಕಾಗದ ಸಿಕ್ಕಿಕೊಂಡರೂ ಅಷ್ಟೇ, ರಿಬ್ಬನ್ ಜಾರಿದರೂ ಅಷ್ಟೇ. "ಮೆಷಿನ್ ನಿಂದು, ಬೆರಳು ನಿಂದು. ನಂದು ಬಾಯಿ ಮಾತ್ರ ಮಾ," ಎನ್ನುತ್ತಿದ್ದರು. ಆ ಬಾಯಿಯೇನು ಸಾಮಾನ್ಯದ್ದೇ? ಮನೆಮಾತು ತಮಿಳು, ಪಾಠ ಕನ್ನಡ, ಸಿಟ್ಟು ಬಂದರೆ ತೆಲುಗು.

ಅವರ ಮುಖ್ಯ ನಿಯಮ, ಒಂದು ಕೀಗೆ ಒಂದೇ ಏಟು. ಕೀ ಸರಿಯಾಗಿ ಬಿತ್ತೋ ಇಲ್ಲವೋ ಎಂದು ನಾನೊಮ್ಮೆ ಎರಡು ಸಲ ಒತ್ತಿದ್ದೆ. "ಏನ್ಮಾ, ಯಾರ್ದಾದ್ರೂ ಬಾಗಿಲು ತಟ್ತಾ ಇದ್ದೀಯಾ? ಒಂದೇ ಏಟು. ಹೊಡೆದ್ಮೇಲೆ ನಂಬು," ಎಂದು ಇಡೀ ಹಾಳೆಯನ್ನು ಮತ್ತೆ ಟೈಪ್ ಮಾಡಿಸಿದರು. ಮನಸ್ಸಿನಲ್ಲೇ ಬೈದುಕೊಂಡು ಕಲಿತೆ. ಕಲಿತದ್ದು ಮಾತ್ರ ಬೆರಳಿನಿಂದ ಹೋಗಲಿಲ್ಲ.

ಆಮೇಲೆ ಮದುವೆಯಾಗಿ ಕಾಮಸಮುದ್ರದ ಕಡೆಯ ಹಳ್ಳಿ ಸೇರಿದೆ. ನಸುಕಿನಲ್ಲಿ ಹಸು ಕರೆದು, ಹಾಲು ಡೇರಿಗೆ ಹಾಕಿ, ಬಂಗಾರಪೇಟೆಗೆ ಓಡಿ ರೈಲು ಹತ್ತಿ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗುವ ಬಾಳು. ಮಗಳು ಎದ್ದಿರುವುದನ್ನು ನೋಡಲು ಭಾನುವಾರವೇ ಬರಬೇಕಿತ್ತು. ಈ ನಡುವೆ ಬಂಗಾರಪೇಟೆಯ ಡಿಟಿಪಿ ಅಂಗಡಿಯ ನಾಗರಾಜಣ್ಣ ಒಂದು ದಾರಿ ತೋರಿಸಿದರು. "ಸ್ವಂತ ಲ್ಯಾಪ್‌ಟಾಪ್ ಇದ್ರೆ ಮನೇಲೇ ಕೂತ್ಕೊಂಡು ಟೈಪ್ ಮಾಡ್ಕೊಡಮ್ಮ. ಸೋಮವಾರದೊಳಗೆ ತಿಳಿಸು, ಇಲ್ಲಾಂದ್ರೆ ಬೇರೇವ್ರಿಗೆ ಕೊಟ್ಬಿಡ್ತೀನಿ." ಹಳೆಯದೊಂದು ಲ್ಯಾಪ್‌ಟಾಪ್ ತೆಗೆದುಕೊಂಡೆ. ಮಾರಿದವನು ಒಳಗಿದ್ದುದನ್ನೆಲ್ಲ ಅಳಿಸಿಯೇ ಕೊಟ್ಟಿದ್ದ, ಲ್ಯಾಪ್‌ಟಾಪ್ ನಡೆಸುವ ಓಎಸ್ ಕೂಡ ಇರಲಿಲ್ಲ. ಓಎಸ್ ತುಂಬಿದ ಪೆನ್ ಡ್ರೈವ್ ನಾಗರಾಜಣ್ಣನೇ ಕೊಟ್ಟರು. ಚುಚ್ಚಿದರೆ ಲ್ಯಾಪ್‌ಟಾಪ್ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಕಪ್ಪು ಪರದೆ, ಅದರಲ್ಲಿ ಒಂದು ಸಾಲು: ಶುರು ಮಾಡಲು ಏನೂ ಸಿಗಲಿಲ್ಲ ಅಂತ. ಮೊದಲು ಪೆನ್ ಡ್ರೈವ್ ನೋಡು ಎಂದು ಲ್ಯಾಪ್‌ಟಾಪಿನ ಒಳಗಿನ ಸೆಟ್ಟಿಂಗ್‌ನಲ್ಲಿ ಹೇಳಬೇಕಂತೆ. ಮೊಬೈಲಿನಲ್ಲಿ ಹುಡುಕಿದರೆ ಎಲ್ಲರೂ ಓಎಸ್ ತೆರೆದು ಅಲ್ಲಿಂದ ಹೋಗಿ ಎನ್ನುವವರೇ. ಓಎಸ್ ಇದ್ದಿದ್ದರೆ ನಾನೇಕೆ ಹುಡುಕುತ್ತಿದ್ದೆ?

ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಉರಿಗಾಂ ಬಸ್ಸು ಹತ್ತಿದೆ. ಕೋಣೆಯಲ್ಲಿ ಟೈಪ್‌ರೈಟರ್‌ಗಳ ಜಾಗಕ್ಕೆ ಕಂಪ್ಯೂಟರ್ ಬಂದಿದ್ದವು, ಮಿಸ್ ಸಣ್ಣಗಾಗಿದ್ದರು. ಕೈ ಮಾತ್ರ ಬೆನ್ನ ಹಿಂದೆಯೇ.

"ಆಯ್ತಾ ಇಲ್ಲ ಮಿಸ್. ಓಎಸ್ಸೇ ಇಲ್ಲ ಅಂದ್ಮೇಲೆ ಸೆಟ್ಟಿಂಗ್‌ಗೆ ಎಂಗೆ ಓಗೋದು?"

"ಈ ಸಾಲಲ್ಲಿ ಎಷ್ಟು ಮನೆ ಖಾಲಿ ಬಿದ್ದಿದೆ ನೋಡ್ದ್ಯಲ್ಲ? ಆಳಿಲ್ಲ ಅಂತ ಬಾಗಿಲೂ ಇಲ್ವಾ? ಮೆಷಿನ್ ಎದ್ದೇಳೋವಾಗಲೇ ಒಳಗೆ ಓಗ್ಬೇಕು ಮಾ. ಎಫ್ ಟೂ ಒತ್ತು."

ಪವರ್ ಬಟನ್ ಒತ್ತಿದೆ. ಪರದೆಯಲ್ಲಿ ಕಂಪನಿಯ ಗುರುತು ಮೂಡುವುದನ್ನು ಕಾದು ಎಫ್ ಟೂ ಒತ್ತಿದೆ, ಒಂದೇ ಏಟು. ಮತ್ತದೇ ಕಪ್ಪು ಪರದೆ. ಪವರ್ ಬಟನ್ ಹಿಡಿದು ಪೂರ್ತಿ ಆರಿಸಿ ಮತ್ತೆ ಪ್ರಯತ್ನಿಸಿದೆ. ಆಗಲೂ ಅಷ್ಟೇ. ಮಿಸ್ ನನ್ನ ಬೆನ್ನ ಹಿಂದೆ ನಿಂತಿದ್ದರು. ನನಗೆ ಅಳುವೇ ಬಂತು. "ನೀವೇ ಒಂದ್ಸಲ ಒತ್ತಿ ಮಿಸ್. ನಾಳೆ ಸೋಮವಾರ," ಎಂದೆ.

"ಒತ್ತಲ್ಲ. ನಾನು ಒತ್ತಿದ್ರೆ ನಾಳೆ ನಿನ್ ಮನೇಲಿ ಯಾರು ಒತ್ತೋದು? ಇನ್ನೊಂದ್ಸಲ ಮಾಡು, ನಿನ್ ಬೆರಳು ನೋಡ್ತೀನಿ."

ಮತ್ತೆ ಒತ್ತಿದೆ. ಮಿಸ್‌ಗೆ ನಗು ತಡೆಯಲಾಗಲಿಲ್ಲ, ಬಾಯಿಗೆ ಮುದ್ದಿನ ತಮಿಳು ಬಂತು. "ಅಯ್ಯೋ ಕಣ್ಣು, ಒಂದೇ ಏಟು ಹೊಡೀತಾ ಇದ್ದೀಯಲ್ಲ. ನಾನೇ ಕಲಿಸಿದ್ದು ದಾ. ಅದು ಅರ್ಧ ನಿದ್ದೇಲಿದೆ, ನಿನ್ ಒಂದೇಟು ಅದಕ್ಕೆಲ್ಲಿ ಕೇಳ್ಸುತ್ತೆ? ಪವರ್ ಒತ್ತಿದ ಕೂಡ್ಲೇ ಶುರು ಮಾಡು, ಒಳಗೆ ಓಗೋವರ್ಗೂ ಬಿಡ್ಬೇಡ. ಬಾಗಿಲು ತಟ್ಟು ಮಾ, ಇವತ್ತು ತಟ್ಟು."

ಟಕಟಕಟಕ ತಟ್ಟಿದೆ. ಜೀವಮಾನವಿಡೀ ತಪ್ಪು ಎಂದುಕೊಂಡದ್ದನ್ನು ಹಲ್ಲುಕಚ್ಚಿ ಮಾಡಿದೆ. ಪರದೆ ನೀಲಿಯಾಯಿತು, ಸಾಲು ಸಾಲು ಅಕ್ಷರ ಬಂತು. ಮೌಸ್ ನಡೆಯಲಿಲ್ಲ. ಬಾಣದ ಕೀಗಳಲ್ಲೇ ಸರಿದು ಪೆನ್ ಡ್ರೈವ್ ಇದ್ದ ಸಾಲನ್ನು ಎಲ್ಲಕ್ಕಿಂತ ಮೇಲಕ್ಕೆ ತಂದೆ. "ಉಳಿಸಿ ಆಚೆ ಬಾ. ಈಗ ಒಂದೇ ಏಟು," ಎಂದರು ಮಿಸ್. ಎಫ್ ಟೆನ್ ಒತ್ತಿದೆ. ಲ್ಯಾಪ್‌ಟಾಪ್ ಆರಿ ಮತ್ತೆ ಹೊತ್ತಿತು, ಪೆನ್ ಡ್ರೈವಿನ ದೀಪ ಮಿನುಗಿತು. ಸೆರಗಿನಿಂದ ಒಂದು ಕೈ ಆಚೆ ಬಂದು ನನ್ನ ಬೆನ್ನಿಗೆ ಗುದ್ದಿ ಒಳಗೆ ಹೋಯಿತು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಸೋಮವಾರ ರೈಲು ಹತ್ತಲಿಲ್ಲ. ಅಂದಿನಿಂದ ಮದುವೆ ಪತ್ರಿಕೆ, ಜಮೀನಿನ ಕರಾರು, ನಾಮಕರಣ, ಏನು ಬಂದರೂ ಮನೆಯಲ್ಲೇ ಟೈಪ್ ಮಾಡುತ್ತೇನೆ. ಮಗಳು ಶಾಲೆಯಿಂದ ಬಂದರೆ ಊಟಕ್ಕೆ ಇಡಲು ನಾನಿರುತ್ತೇನೆ.

ಮೊನ್ನೆ ನಾಗರಾಜಣ್ಣ ಫೋನ್ ಮಾಡಿದರು. "ಉರಿಗಾಂನಿಂದ ಶ್ರದ್ಧಾಂಜಲಿ ಮ್ಯಾಟರ್ ಬಂದೈತೆ. ನಿಮ್ ಟೈಪಿಂಗ್ ಮಿಸ್ ಅಂತೆ ಕಣಮ್ಮ. ಬೇರೇವ್ರ ಕೈಲಿ ಮಾಡಿಸ್ಲಾ?"

"ಬೇಡಣ್ಣ, ನಾನೇ ಮಾಡ್ತೀನಿ," ಎಂದೆ.

ಲ್ಯಾಪ್‌ಟಾಪ್ ತೆರೆದು ಕೂತೆ. ಕಣ್ಣು ಮಂಜಾಗಿ ಕೀಲಿಮಣೆಯೇ ಕಾಣುತ್ತಿರಲಿಲ್ಲ, ಕಾಣಬೇಕಾಗಿಯೂ ಇರಲಿಲ್ಲ. ಅವರ ಹೆಸರನ್ನು ಹೊಡೆದೆ, ಒಂದು ಕೀಗೆ ಒಂದೇ ಏಟು. ಸರಿಯಾಗಿ ಬಿತ್ತೋ ಇಲ್ಲವೋ ಎಂದು ತಿರುಗಿ ನೋಡಲಿಲ್ಲ.