ಮತ್ತು ಕೊಡುವ ಡಾಕ್ಟರು

ತಂಗಳು ಜೋಳದ ರೊಟ್ಟಿಯನ್ನು ಮುರಿದು ಬಿಸಿ ಹಾಲಿನಲ್ಲಿ ನೆನೆಸಿದರೆ ಅದು ಹಲ್ಲಿಲ್ಲದ ಬಾಯಲ್ಲೂ ಕರಗುತ್ತದೆ; ತಂಬ್ರಹಳ್ಳಿಯ ನಮ್ಮ ಮನೆಯಲ್ಲಿ ಕುರಿ ಬಿಡುವ ಮೊದಲು ಅಪ್ಪ ಉಣ್ಣುತ್ತಿದ್ದುದು ಅದನ್ನೇ. ಮದುವೆಯಾದಂದಿನಿಂದ ಅವ್ವ ಅವನನ್ನು ಬರಿಹೊಟ್ಟೆಯಲ್ಲಿ ಹೊಸಿಲು ದಾಟಲು ಬಿಟ್ಟವಳಲ್ಲ. ಹೀಗಿರುವಾಗ, ಪಿತ್ತಕೋಶದ ಕಲ್ಲು ತೆಗೆಸಲೆಂದು ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಗೆ ಸೇರಿಸಿದ್ದ ಅಪ್ಪನಿಗೆ ಬೆಳಿಗ್ಗೆ ಏನೂ ಕೊಡಬೇಡಿ ಎಂದು ನರ್ಸ್ ಹೇಳಿಹೋದ ಮಾತು ಅವಳ ಕಿವಿಗೆ ಬಿದ್ದರೂ ಮನಸ್ಸಿಗೆ ಹೇಗೆ ಇಳಿದೀತು, ನೀವೇ ಹೇಳಿ. ನಾನು ಔಷಧಿ ತರಲು ಹೋದ ಹೊತ್ತಿನಲ್ಲಿ ಸೆರಗಿನ ಮರೆಯಲ್ಲಿ ಉಣಿಸಿಯೇಬಿಟ್ಟಿದ್ದಳು. ನರ್ಸ್ ಬಂದು ವಿಚಾರಿಸಿದಾಗ ಏನೂ ತಿಂದಿಲ್ಲವೆಂದು ತಾನೇ ಉತ್ತರ ಕೊಟ್ಟಿದ್ದಳು.

ಆಮೇಲೆ ಬಂದವರು ಹರಪನಹಳ್ಳಿಯ ಅರಿವಳಿಕೆ ತಜ್ಞೆ. ನಮ್ಮ ಕಡೆಯವರ ಬಾಯಲ್ಲಿ ‘ಮತ್ತು ಕೊಡೋ ಡಾಕ್ಟ್ರು’. ಹಡಗಲಿ, ಕೂಡ್ಲಿಗಿ, ಕೊಟ್ಟೂರು ಎಂದು ಕರೆದಲ್ಲಿಗೆ ಹೋಗುವ ಅವರ ಹೆಸರು, ಅವರ ಕೈಯಲ್ಲಿ ಮಲಗಿ ಎದ್ದವರಿಗೂ ಗೊತ್ತಿರುವುದಿಲ್ಲ. ಮಂಚದ ಅಂಚಿಗೆ ಕುಳಿತು ಅಪ್ಪನ ಕುರಿಗಳ ಯೋಗಕ್ಷೇಮ ಕೇಳುತ್ತ, ಅದೇ ಧಾಟಿಯಲ್ಲಿ, “ಬೆಳಿಗ್ಗೆ ಉಂಡಿದ್ದು ರೊಟ್ಟೀನಾ, ಮುದ್ದೇನಾ ಯಜಮಾನ್ರೇ?” ಎಂದರು.

“ರೊಟ್ಟಿ ಬಿಡ್ರಿ. ಹಾಲಾಗ ನೆನಸಿ ಕೊಟ್ಟಿದ್ಳು,” ಎಂದ ಅಪ್ಪ, ತೃಪ್ತಿಯಿಂದ.

ಇವತ್ತು ಆಪರೇಷನ್ ಬೇಡ ಎಂದರು ಡಾಕ್ಟರು. ದೂರದಿಂದ ಬಂದು ಸಿದ್ಧರಾಗಿ ನಿಂತಿದ್ದ ಸರ್ಜನ್‌ಗೆ ಸಿಟ್ಟು ಬಂತು. ಇವರು ದನಿ ಏರಿಸಲಿಲ್ಲ, ಹಿಡಿದ ಮಾತು ಬಿಡಲೂ ಇಲ್ಲ. ಕಲ್ಲು ನಾಳೆಯವರೆಗೆ ಕಾಯುತ್ತದೆ ಎಂದಷ್ಟೇ ಹೇಳಿ, ಗೋಡೆಗೊರಗಿ ಕುಸಿದಿದ್ದ ಅವ್ವನ ಪಕ್ಕ ನೆಲದ ಮೇಲೆಯೇ ಬಂದು ಕುಳಿತರು.

“ಎಚ್ಚರ ಇದ್ದಾಗ ಒಂದು ಅಗುಳು ದಾರಿ ತಪ್ಪಿದ್ರೆ ಕೆಮ್ಮಿ ಹೊರಗೆ ಹಾಕ್ತೀವಮ್ಮ. ನಾನು ಔಷಧಿ ಕೊಟ್ಟ ಮೇಲೆ ಅವರಿಗೆ ಕೆಮ್ಮೋಕೆ ಬರಲ್ಲ. ಹೊಟ್ಟೇಲಿರೋದು ಮೇಲೆ ಬಂದು ಶ್ವಾಸಕ್ಕೆ ಇಳಿದ್ರೆ ಜೀವ ಉಳಿಸೋದು ಕಷ್ಟ ಆಗ್ತತಿ.”

“ಹಂಗಾದ್ರ ನಾನ ಕೊಂದುಬಿಡ್ತಿದ್ನೆಲ್ರಿ,” ಎಂದಳು ಅವ್ವ.

“ಇಷ್ಟು ವರ್ಷ ಸಾಕಿರೋರು ನೀವು. ನಾಳೆ ಒಂದಿನ ನನ್ನ ಕೈಗೆ ಬಿಡ್ರಿ.”

ಅವ್ವ ಬಿಟ್ಟುಕೊಟ್ಟಳು, ಅಪ್ಪನ ಜೊತೆ ತಾನೂ ಉಪವಾಸ ಕುಳಿತಳು.

ಎರಡು ಪದಗಳನ್ನು ಕೂಡಿಸುವುದಕ್ಕೆ ‘ಮತ್ತು’ ಬೇಕು ಎಂದು ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುವವಳು ನಾನು. ಮರುದಿನ ಮುಚ್ಚಿದ ಬಾಗಿಲ ಹೊರಗೆ ಕುಳಿತಾಗ, ನಿದ್ದೆ ಮತ್ತು ಎಚ್ಚರದ ನಡುವೆ ಆ ಪುಟ್ಟ ಪದ ನಿಲ್ಲುವ ಜಾಗದಲ್ಲೇ ಒಬ್ಬರು ಅಪ್ಪನ ಉಸಿರನ್ನು ಕಾಯುತ್ತ ನಿಂತಿದ್ದಾರೆ ಎನಿಸಿ ಮನಸ್ಸು ತಿಳಿಯಾಯಿತು.

ಮಧ್ಯಾಹ್ನ ಅಪ್ಪನನ್ನು ಹೊರತಂದಾಗ ಡಾಕ್ಟರು ಜೊತೆಗೇ ನಡೆದುಬಂದರು. ಕೆಮ್ಮಿ ಎಂದರು, ಅಪ್ಪ ಒಣಗಿದ ಗಂಟಲಲ್ಲಿ ಜೋರಾಗಿ ಕೆಮ್ಮಿದ. ಅವ್ವ ಕಣ್ಣೊರೆಸಿಕೊಂಡು ಡಾಕ್ಟರ ಮುಖವನ್ನೇ ನೋಡಿದಳು.

“ನೀವೇನಾರ ಉಂಡೀರೇನು, ಡಾಕ್ಟ್ರವ್ವ?”

ಇನ್ನೂ ಇಲ್ಲ, ಹಡಗಲಿಯಲ್ಲಿ ಇನ್ನೊಂದು ಆಪರೇಷನ್ ಇದೆ ಎಂದರು. ಅವ್ವ ಅವರ ಕೈ ಹಿಡಿದುಕೊಂಡಳು, ಬಿಡಲಿಲ್ಲ. ಅವಳಿಗೆಂದು ನಾನು ತಂದಿದ್ದ ಬುತ್ತಿಯನ್ನು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಬಿಚ್ಚಿದೆವು. ಹಸಿದಿದ್ದ ಆ ಇಬ್ಬರೂ ಒಂದೇ ಗಂಟಿನಿಂದ ಉಂಡರು.