ದೇವರ ಕೋಣೆಯಲ್ಲಿ ಪೆಟ್ರೋಲ್ ಮುಳ್ಳು

ನನಗೆ ದೇವರಲ್ಲಿ ನಂಬಿಕೆ ಇದೆ. ಆದರೆ ಪವಾಡದ ಕಥೆಗಳಲ್ಲಿ ಇರಲಿಲ್ಲ. ಯಾರಾದರೂ ಹೇಳಿದರೆ ಹೂಂಗುಟ್ಟಿ, ಪಾಪ, ನಿದ್ದೆಗೆಟ್ಟಿರಬೇಕು ಎಂದುಕೊಳ್ಳುತ್ತಿದ್ದೆ. ಹಾಲು ಉಕ್ಕುವ ಮೊದಲೇ ಕಣ್ಣಿಗೆ ಬಿದ್ದರೆ, ಪಲ್ಯ ಬೆಂದ ಮೇಲೆ ಗ್ಯಾಸ್ ಮುಗಿದರೆ, ಅಷ್ಟನ್ನೇ ಅವನ ದಯೆ ಎಂದು ಎಣಿಸುವವಳು ನಾನು. ಹಾಗಾಗಿ ಕೆಲವು ವರ್ಷಗಳ ಹಿಂದಿನ ವಿಜಯದಶಮಿಯ ಬೆಳಿಗ್ಗೆ ಕೊಪ್ಪದ ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆಯಲು ಸಂಕೋಚವಾಗುತ್ತದೆ. ನೀವು ನಂಬಲೇಬೇಕು ಅಂತೇನಿಲ್ಲ. ಕಟ್ಟಿಕೊಂಡ ಗಂಡನೇ ನಂಬಲಿಲ್ಲ.

ನಮ್ಮ ಮನೆಯವರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. ನಿವೃತ್ತರಾದ ತಿಂಗಳಲ್ಲೇ, ಶೆಡ್ಡಿನಲ್ಲಿ ಟಾರ್ಪಾಲಿನ ಅಡಿ ಮಲಗಿದ್ದ ತೀರಿಹೋದ ಮಾವನವರ ಹಳೇ ಕಾರನ್ನು ಎಬ್ಬಿಸಲು ಹೊರಟರು. ಇಂಜಿನ್ ಬೇಗ ಎದ್ದಿತು. ಸರಿಹೋಗದೆ ಉಳಿದದ್ದು ಡ್ಯಾಶ್‌ಬೋರ್ಡಿನ ಮೀಟರುಗಳು. ಕಾರು ತಣ್ಣಗಿದ್ದರೂ ಹೀಟ್ ಮುಳ್ಳು ಕೆಂಪಿಗೆ ಹೋಗುತ್ತಿತ್ತು. ಪೆಟ್ರೋಲ್ ಮುಳ್ಳಂತೂ ಹಳ್ಳ ಬಂದರೆ ಖಾಲಿ, ದಿಬ್ಬ ಬಂದರೆ ಅರ್ಧ. ಒಂದು ಸಂಜೆ ಶೃಂಗೇರಿಯಿಂದ ಬರುವಾಗ ಮುಳ್ಳು ಅರ್ಧ ತೋರಿಸುತ್ತಿರುವಾಗಲೇ ಪೆಟ್ರೋಲ್ ಮುಗಿದು, ನಾನೂ ಅತ್ತೆಯೂ ಎರಡು ಗಂಟೆ ರಸ್ತೆ ಬದಿಯಲ್ಲಿ ಕೂತಿದ್ದೆವು. ಸುಳ್ಳು ಹೇಳುವ ಗಾಡಿಯನ್ನು ನಂಬುವುದು ಹೇಗೆ? ಮುಂದಿನ ಸಲ ಶೃಂಗೇರಿಗೆ ಹೋದಾಗ ಶಾರದಮ್ಮನ ಮುಂದೆ ಕಣ್ಣು ಮುಚ್ಚಿ, 'ತಾಯಿ, ಈ ಕಾರು ನಮ್ಮ ಮನೆಯಿಂದ ಹೋದರೆ ಕುಂಕುಮಾರ್ಚನೆ ಮಾಡಿಸುತ್ತೇನೆ' ಎಂದು ಹರಕೆ ಹೊತ್ತೆ. ಇದು ಗೊತ್ತಿದ್ದದ್ದು ಅತ್ತೆಗೆ ಮಾತ್ರ.

ಜಯಪುರದ ಮೆಕ್ಯಾನಿಕ್ ರಾಜಣ್ಣ ಬಂದು ಬಂದು ಹೋಗುತ್ತಿದ್ದ. ತಪ್ಪು ಟ್ಯಾಂಕಿನೊಳಗಿನ ಫ್ಲೋಟಿನದು ಎಂದು ಅವನು, ಅಲ್ಲ, ಮೀಟರಿನದೇ ಎಂದು ಇವರು. ಯಾರದು ಸರಿ ಎಂದು ನೋಡಲು ಟ್ಯಾಂಕಿನಿಂದ ಬರುವ ವೈರನ್ನು ಕಿತ್ತು ಕಾರಿನ ಮೈಗೆ ತಾಗಿಸಿದಾಗ ಮುಳ್ಳು ಒಮ್ಮೆ ಫುಲ್‌ಗೆ ಹೋಗುತ್ತಿತ್ತು, ಇನ್ನೊಮ್ಮೆ ಅಲ್ಲಾಡುತ್ತಿರಲಿಲ್ಲ.

"ನಿಮ್ ಕೈಲಾಗಲ್ಲ ಸಾರ್, ನಂಗೆ ಕೊಟ್ಬಿಡಿ. ನಾ ಸಾಕ್ಕೊಳ್ತೀನಿ" ಎಂದು ಅವನು ಮೂರು ಸಲ ಕೇಳಿದ್ದ.

"ಸಾಕೋಕೆ ಎಂತ, ಎಮ್ಮೆಯಾ ಮಾರಾಯ?" ಎಂದು ಇವರು ನಕ್ಕು ತಳ್ಳಿಹಾಕಿದ್ದರು. ನನಗೆ ಆ ನಗು ಹಿಡಿಸಿತು, ಅವನ ಕೇಳಿಕೆ ಹಿಡಿಸಲಿಲ್ಲ. ಮೀಟರ್ ರಿಪೇರಿ ಮುಗಿಯದಂತೆ ಇವನೇ ನೋಡಿಕೊಳ್ಳುತ್ತಿದ್ದಾನೋ ಏನೋ ಎಂಬ ಗುಮಾನಿ ಆಗಲೇ ಶುರುವಾಗಿತ್ತು.

ಆಯುಧಪೂಜೆಯ ಹಿಂದಿನ ದಿನ ರಾಜಣ್ಣ ಫ್ಲೋಟ್ ಬಿಚ್ಚಿ ಸರಿಮಾಡಿ ಕೂರಿಸಿದ. ಇವರು ಪೆಟ್ರೋಲ್ ಮೀಟರನ್ನೇ ಕಿತ್ತು ತಂದು ಉಜ್ಜಿ ಇಟ್ಟರು. ಮರುದಿನ ನಾನು ಕತ್ತಿ, ಮೆಟ್ಟುಗತ್ತಿ, ಇವರ ಸ್ಪ್ಯಾನರು, ಸ್ಕ್ರೂಡ್ರೈವರುಗಳ ಜೊತೆಗೆ ಆ ಮೀಟರನ್ನೂ ದೇವರ ಕೋಣೆಯಲ್ಲಿಟ್ಟು ಗಂಧ, ಕುಂಕುಮ ಹಚ್ಚಿದೆ. ಕಾರಿಗೂ ಮಾಡಿದೆ. ಬಾನೆಟ್ ಎತ್ತಿಸಿ ಇಂಜಿನ್ನಿಗೆ, ಬ್ಯಾಟರಿಗೆ, ಕೈಗೆ ಸಿಕ್ಕಿದ್ದಕ್ಕೆಲ್ಲ ಕುಂಕುಮ. ಎಲ್ಲೆಲ್ಲಿ ಎಂದು ಈಗ ಕೇಳಿದರೆ ನನಗೆ ನೆನಪಿಲ್ಲ. ಆ ಮರೆವೇ ಆಮೇಲೆ ನನ್ನ ಕುತ್ತಿಗೆಗೆ ಬಂತು.

ಪೂಜೆಗಿಟ್ಟ ಹತ್ಯಾರನ್ನು ಮರುದಿನದ ಮಂಗಳಾರತಿ ಆಗುವ ತನಕ ಮುಟ್ಟುವ ಹಾಗಿಲ್ಲ. ಇವರಿಗೋ ಕಡಹಿನಬೈಲಿನ ತಂಗಿಯ ಮನೆಗೆ ಬೆಳಿಗ್ಗೆ ಬೇಗ ಹೊರಡಬೇಕಿತ್ತು.

"ಮೀಟರ್ ಕೊಡೆ, ಐದೇ ನಿಮಿಷ, ಕೂರಿಸ್ಕೊಂಡು ಹೋಗ್ತೀನಿ."

"ಆರತಿ ಆಗ್ಲಿ. ಅಷ್ಟು ಅವಸರ ಇದ್ರೆ ಅದಿಲ್ದೇ ಹೋಗಿ. ಇದ್ದಾಗ ಏನು ಸತ್ಯ ಹೇಳಿತ್ತು ಅದು?"

ಅತ್ತೆ ನಕ್ಕರು. ನಾನು ಪೂಜೆ ಮುಗಿಸಿ ಬಸ್ಸಿಗೆ ಬರುತ್ತೇನೆಂದೆ. ಡ್ಯಾಶ್‌ಬೋರ್ಡಿನಲ್ಲಿ ಒಂದು ತೂತು ಬಿಟ್ಟುಕೊಂಡು, ಅತ್ತೆಯನ್ನು ಮುಂದೆ ಕೂರಿಸಿಕೊಂಡು ಇವರು ಹೊರಟರು.

ನಾನು ದೀಪ ಹಚ್ಚಿ ಹೂ ಬಿಡಿಸುತ್ತ ಕೂತೆ. ಮೀಟರಿನ ಮುಳ್ಳು ಖಾಲಿಯ ಗೆರೆಯ ಮೇಲೆ ಮಲಗಿತ್ತು. ವೈರಿಲ್ಲ, ಬ್ಯಾಟರಿಯಿಲ್ಲ, ಮಲಗಿರಲೇಬೇಕು. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಮುಳ್ಳು ಏಳುತ್ತಿದೆ. ಥಟ್ಟನೆ ಅಲ್ಲ, ಕೊಡಕ್ಕೆ ನೀರು ತುಂಬಿದ ಹಾಗೆ ನಿಧಾನ. ಮುಕ್ಕಾಲು ದಾಟಿ ನಿಂತಿತು. ದೀಪದ ಬಿಸಿ ಇರಬೇಕೆಂದು ಮೀಟರನ್ನು ಒಂದು ಮೊಳ ಈಚೆ ಸರಿಸಿದೆ. ಸರಿಸಬಾರದಿತ್ತು, ತಪ್ಪಾಯಿತು ಎಂದು ಕೆನ್ನೆಗೆ ಬಡಿದುಕೊಂಡೆ. ಮುಳ್ಳು ಇಳಿಯಲಿಲ್ಲ.

ಹತ್ತು ನಿಮಿಷ ಕಳೆದಿರಬಹುದು. ದೀಪ ನೆಟ್ಟಗೆ ಉರಿಯುತ್ತಿತ್ತು. ಆಗ ಅದು ಇಳಿಯತೊಡಗಿತು. ಏರಿದ್ದಕ್ಕಿಂತ ಬೇಗ. ಅರ್ಧ, ಅರ್ಧಕ್ಕೂ ಕೆಳಗೆ. ಯೋಚನೆ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಎದ್ದು ಹೋಗಿ ಇವರ ಮೊಬೈಲಿಗೆ ಫೋನ್ ಮಾಡಿದೆ. ಅದು ಅತ್ತೆಯ ಮಡಿಲಲ್ಲಿತ್ತು, ನೆಟ್‌ವರ್ಕೂ ಇತ್ತು, ರಿಂಗಾದದ್ದು ಅವರ ಕಿವಿಗೂ ಆ ದಿನ ಕೇಳಿಸಿತು. ಮೂರೂ ಒಟ್ಟಿಗೆ ಸಿಗುವುದು ನಮ್ಮ ಕಡೆ ಸಣ್ಣ ದಯೆಯಲ್ಲ.

"ಅತ್ತೆ, ಕಾರು ನಿಲ್ಸೋಕೆ ಹೇಳಿ. ಈಗ್ಲೇ. ಪೆಟ್ರೋಲ್ ಸೋರ್ತಿದೆ."

"ಎಂತ? ಮೆಣಸ್ಕಾಯಿ ತರ್ಬೇಕಾ?"

"ಪೆಟ್ರೋಲ್ ಅತ್ತೆ! ಇಳೀರಿ ಇಬ್ರೂ!"

ನರಸಿಂಹರಾಜಪುರದ ದಾರಿಯಲ್ಲಿ ಒಂದು ತಿರುವಿನ ಹತ್ತಿರ ಇವರು ಗೊಣಗುತ್ತ ಕಾರು ನಿಲ್ಲಿಸಿ ಬಾನೆಟ್ ಎತ್ತಿದರಂತೆ. ಪೈಪಿನ ಕ್ಲಿಪ್ ಕಳಚಿ, ಕಾದ ಇಂಜಿನ್ನಿನ ಪಕ್ಕದಲ್ಲೇ ಪೆಟ್ರೋಲ್ ಸುರಿಯುತ್ತಿತ್ತು. ಇನ್ನೊಂದು ಫರ್ಲಾಂಗು ಹೋಗಿದ್ದರೆ ಏನಾಗುತ್ತಿತ್ತೆಂದು ಇವರು ನನಗೆ ಹೇಳಲಿಲ್ಲ. ಅತ್ತೆ ಹೇಳಿದರು.

ರಾಜಣ್ಣನನ್ನು ಅಲ್ಲಿಗೇ ಕರೆಸಿ ರಿಪೇರಿ ಮಾಡಿಸಿ ಮಧ್ಯಾಹ್ನ ಮೂವರೂ ಮನೆಗೆ ಬಂದರು. ಇವರು ಜೀವ ಉಳಿಸಿದವಳನ್ನು ನೋಡುವ ಹಾಗೆ ನನ್ನನ್ನು ನೋಡಲಿಲ್ಲ. ಕಿಸೆಯಿಂದ ಆ ಕ್ಲಿಪ್ ತೆಗೆದು ನನ್ನ ಮುಂದೆ ಹಿಡಿದರು. ಅದರ ಸ್ಕ್ರೂವಿನ ತಲೆಯ ಮೇಲೆ ಕುಂಕುಮ.

"ಇಷ್ಟು ಒಳಗೆ ಕುಂಕುಮ ಹೇಗೆ ಬಂತು?"

"ಪೂಜೆಲಿ ಹಚ್ಚಿರ್ಬೇಕು."

"ಸೋರ್ತಿದೆ ಅಂತ ನಿಂಗೆ ಹೇಗೆ ಗೊತ್ತಾಯ್ತು?"

ನಾನು ಮುಳ್ಳಿನ ವಿಷಯ ಹೇಳಿದೆ. ರಾಜಣ್ಣ ಅಂಗಳದ ಕಡೆ ಮುಖ ತಿರುಗಿಸಿದ. "ಅಕ್ಕ, ಅದು ತಾನಾಗಿ ಬಿಚ್ಚೋ ಸ್ಕ್ರೂ ಅಲ್ಲ" ಎಂದಷ್ಟೇ ಅಂದ. ನಾನು ಬಿಡಲಿಲ್ಲ. "ಮೊನ್ನೆ ಕಾರಿನ ಅಡಿ ಮಲಗಿದ್ದು ಯಾರಪ್ಪ, ನಾನಾ ನೀನಾ?" ಎಂದೆ. "ನಾ ಮುಟ್ಟಿದ್ದು ಹಿಂದಿನ ಟ್ಯಾಂಕ್ ಅಕ್ಕ, ಮುಂದೆ ಇಂಜಿನ್ ಕಡೆ ಕೈ ಹಾಕ್ಲಿಲ್ಲ" ಎಂದು ಅವನೂ ಏರುದನಿಯಲ್ಲೇ ಹೇಳಿದ. ಆಗ ಅತ್ತೆ ಮಗನ ಕಡೆ ತಿರುಗಿ, "ಅವಳನ್ನ ಎಂತಕ್ಕೆ ಕೇಳ್ತೀಯ? ಹೇಳಿ ಕಳ್ಸಿದ್ದು ನಿನ್ನ ಅಪ್ಪಯ್ಯ. ಅವರ ಕಾರು, ಅವರಿಗೆ ಗೊತ್ತಾಗದೇ ಇರ್ತದಾ?" ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. "ಪಾಪ, ಇದು ಮನೆಯಿಂದ ಹೋಗ್ಲಿ ಅಂತ ಶಾರದಮ್ಮಂಗೆ ಹರಕೆ ಬೇರೆ ಹೊತ್ತಿದ್ಲು" ಎಂದುಬಿಟ್ಟರು.

ಅಲ್ಲಿಗೆ ಎಲ್ಲವೂ ಕೂಡಿಕೊಂಡಿತು. ಮೀಟರ್ ಕೊಡದೇ ಇದ್ದವಳು ನಾನು. ಕಾರು ಹತ್ತದೇ ಉಳಿದವಳು ನಾನು. ಸ್ಕ್ರೂಡ್ರೈವರ್ ಇದ್ದದ್ದು ನನ್ನ ದೇವರ ಕೋಣೆಯಲ್ಲಿ, ಮೈತುಂಬ ಕುಂಕುಮ ಹಚ್ಚಿಕೊಂಡು. ಇವರು ಬಾಯಿಬಿಟ್ಟು ಏನೂ ಹೇಳಲಿಲ್ಲ. ಮುಂದೆಯೂ ಹೇಳಲಿಲ್ಲ. ಅಷ್ಟು ವರ್ಷ ಕೂಡಿ ಬಾಳಿದವರು 'ನೀನು ಮಾಡಿದೆಯಾ' ಎಂದು ಒಮ್ಮೆ ಕೇಳಿದ್ದರೆ 'ಇಲ್ಲ' ಎನ್ನಬಹುದಿತ್ತು. ಕೇಳದವರಿಗೆ ಏನೆಂದು ಹೇಳುವುದು?

ಆ ಸಂಜೆ ಇವರು ಮೀಟರನ್ನು ದೀಪದ ಹತ್ತಿರ ಇಟ್ಟು ನೋಡಿದರು. ಒಳಗಿರುವ ಪಟ್ಟಿ ಬಿಸಿಗೆ ಬಾಗುತ್ತದೆ, ಮುಳ್ಳು ಏರುವುದು ಹಾಗೆಯೇ ಎಂದು ಪಾಠ ಹೇಳುವ ದನಿಯಲ್ಲಿ ವಿವರಿಸಿದರು. ಒಂದು ಗಂಟೆ ಕಾದರೂ ಮುಳ್ಳು ಅಲ್ಲಾಡಲಿಲ್ಲ. ಬೆಳಿಗ್ಗೆ ಹೋಗುತ್ತ ಪೆಟ್ರೋಲ್ ಹಾಕಿಸಿದ್ದ ಬಂಕಿನ ರಸೀದಿಯಲ್ಲಿ ಎಂಟೂಮುಕ್ಕಾಲು ಎಂದಿತ್ತು. ನಾನು ಹೂ ಬಿಡಿಸಲು ಕೂತದ್ದು ಎಂಟೂವರೆಗೆ, ಮುಳ್ಳು ಎದ್ದದ್ದು ಅದಾಗಿ ಕಾಲು ಗಂಟೆಗೆ. ಅದನ್ನು ಹೇಳಿದಾಗ ರಸೀದಿ ಮಡಚಿ ಕಿಸೆಗೆ ಹಾಕಿಕೊಂಡರು.

ತಿಂಗಳೊಳಗೆ ಕಾರನ್ನು ರಾಜಣ್ಣನಿಗೆ ಕೊಟ್ಟುಬಿಟ್ಟರು. ಅವನು ಅದನ್ನು ಜಯಪುರದಲ್ಲಿ ಚೆನ್ನಾಗಿಯೇ ಇಟ್ಟುಕೊಂಡಿದ್ದಾನೆ. ಕ್ಲಿಪ್ ಸಡಿಲಿಸಿದ್ದು ಅವನೇ ಎಂದು ಕೆಲವು ದಿನ ಅನ್ನಿಸುತ್ತದೆ. ಇವರೇ ಏನೋ ಮಾಡಲು ಹೋಗಿ ಮರೆತರು ಎಂದು ಕೆಲವು ದಿನ. ಕುಂಕುಮ ಹಚ್ಚುವಾಗ ನನ್ನ ಬೆರಳೇ ಎಲ್ಲಾದರೂ ಎಳೆಯಿತೇ ಎಂದೂ ಕೇಳಿಕೊಂಡಿದ್ದೇನೆ. ಬೆರಳಿಗೆ ಸ್ಕ್ರೂ ಬಿಚ್ಚಲು ಬರುವುದಿಲ್ಲ, ಅಷ್ಟು ನನಗೂ ಗೊತ್ತು.

ಕಾರು ಮನೆಯಿಂದ ಹೋಯಿತು, ಹರಕೆ ಮಾತ್ರ ಹಾಗೇ ಇದೆ. ಶೃಂಗೇರಿಗೆ ಹೋಗುತ್ತೇನೆ, ಕೈಮುಗಿಯುತ್ತೇನೆ, ಕುಂಕುಮಾರ್ಚನೆಯ ಚೀಟಿ ಮಾಡಿಸಲು ಮಾತ್ರ ಕಾಲು ಏಳುವುದಿಲ್ಲ. ಮಾಡಿಸಿದರೆ, ಅವತ್ತು ನಡೆದದ್ದು ನಾನು ಕೇಳಿಕೊಂಡದ್ದೇ ಎಂದು ಒಪ್ಪಿದ ಹಾಗಾಗುತ್ತದಲ್ಲ. ಇಬ್ಬರನ್ನೂ ತಾಯಿ ಉಳಿಸಿ ಕೊಟ್ಟಳು. ಅದಕ್ಕೆ ಬೇರೆಯೇ ತುಪ್ಪದ ದೀಪ ಹಚ್ಚಿಸಿದ್ದೇನೆ.

ಆ ಮೀಟರ್ ಕಾರಿನ ಜೊತೆ ಹೋಗಲಿಲ್ಲ. ಇವರು ಕೇಳಲಿಲ್ಲ, ನಾನು ಕೊಡಲಿಲ್ಲ. ಪ್ರತಿ ಆಯುಧಪೂಜೆಗೂ ಅದನ್ನು ಒರೆಸಿ, ಕತ್ತಿಗಳ ಪಕ್ಕದಲ್ಲಿಟ್ಟು ಕುಂಕುಮ ಹಚ್ಚುತ್ತೇನೆ. ಆಗ ಇವರು ತಪ್ಪದೆ ಬಂದು ದೇವರ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಾರೆ. ಅವರು ನೋಡುವುದು ಮುಳ್ಳನ್ನೋ, ನನ್ನ ಕೈಯನ್ನೋ, ನಾನು ತಿರುಗಿ ನೋಡಿಲ್ಲ.